ಸ್ಕೇಲಣ್ಣ ಕಟ್ಟಿದ ಕಂಪ್ಯೂಟರ್

ಸ್ಕೇಲಣ್ಣ ಅನ್ನುವುದು ನಕ್ಷೆ ಬರೆಯುವ ಕಚೇರಿಯಲ್ಲಿ ಗೆಳೆಯರು ಇಟ್ಟ ಹೆಸರು. ಅಂಗಿಯ ಕಿಸೆಯಲ್ಲಿ ಆರಿಂಚಿನ ಸ್ಕೇಲು ಇಲ್ಲದೆ ಅವನನ್ನು ಕಂಡವರಿಲ್ಲ. ಊಟದ ಡಬ್ಬಿ ಮರೆತು ಬಂದ ದಿನಗಳಿದ್ದವು, ಸ್ಕೇಲು ಮರೆತ ದಿನವಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲೇ ಉಳಿದು, ಜನರ ಬಾಯಲ್ಲಿ ಅವನು ಸ್ಕೇಲಣ್ಣನೇ ಆಗಿಹೋದ.

ಬೇರೆಯವರ ಮನೆಗಳ ನಕ್ಷೆ ಬರೆಯುವುದು ಅವನ ಕೆಲಸ. ಗೋಡೆಗೆ ದಪ್ಪ ಗೆರೆ, ಕಿಟಕಿಗೆ ತೆಳು ಗೆರೆ, ಬಾಗಿಲು ತೆರೆದುಕೊಳ್ಳುವ ಕಡೆಗೆ ಕಾಲು ವೃತ್ತ. ಶಾಯಿ ತಪ್ಪಿದರೆ ಬ್ಲೇಡಿನಿಂದ ಹಗುರವಾಗಿ ಕೆರೆದು, ಹಾಳೆ ತೂತಾಗದಂತೆ ಮತ್ತೆ ಎಳೆಯಬೇಕು. ಹೀಗೆ ಎಷ್ಟೋ ಮನೆಗಳನ್ನು ಎಳೆದವನು ತಾನು ಮಾತ್ರ ಬಾಡಿಗೆ ಮನೆ ಬಿಟ್ಟು ಕದಲಲಿಲ್ಲ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ, ಅಲ್ಲೇ ಬದುಕು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅನ್ನುತ್ತಾರಲ್ಲ, ಇವನು ಮದುವೆಯೊಂದನ್ನು ಆಗಿ ನೋಡಿದ, ಅಷ್ಟಕ್ಕೇ ಸುಮ್ಮನಾದ. ಮಕ್ಕಳಾಗಲಿಲ್ಲ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಿದ್ದಳು. ಸಂಜೆ ಅವಳು ಬರುವ ಹೊತ್ತಿಗೆ ಇವನು ಮನೆಯಲ್ಲೂ ಡ್ರಾಯಿಂಗ್ ಬೋರ್ಡಿಗೆ ಬಾಗಿ ನಿಂತಿರುತ್ತಿದ್ದ.

ಒಂದು ದಿನ ಕಚೇರಿಗೆ ಕಂಪ್ಯೂಟರ್ ಬಂತು. ನಾಲ್ಕು ಜನರ ಮುಂದೆ ಸ್ಕೇಲಣ್ಣ, “ಇಲಿ ಹಿಡ್ಕೊಂಡು ಗೆರೆ ಎಳೀಬೇಕಂತೆ. ನಾನೇನು ಬೆಕ್ಕಾ?” ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕವರೆಲ್ಲ ಒಬ್ಬೊಬ್ಬರಾಗಿ ಅದರ ಮುಂದೆ ಹೋಗಿ ಕೂತರು, ಇವನು ಕೂರಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಅವನ ಮೇಜಿಗೆ ಹಾಳೆ ಬರುವುದು ನಿಂತಿತು. ಮೂರನೇ ವರ್ಷ ಅವನೇ ಹೋಗುವುದು ನಿಂತಿತು. ಆಮೇಲೆ ಹದಿನೆಂಟು ವರ್ಷ ಬಣ್ಣದ ಅಂಗಡಿಯೊಂದರಲ್ಲಿ, ಯಾವ ಗೋಡೆಗೆ ಎಷ್ಟು ಲೀಟರ್ ಬೇಕು ಅಂತ ಗಿರಾಕಿಗಳಿಗೆ ಲೆಕ್ಕ ಹಾಕಿಕೊಟ್ಟ. ಮೊಣಕಾಲು ಕೈಕೊಟ್ಟ ಮೇಲೆ ಅದನ್ನೂ ಬಿಟ್ಟು ಮನೆಯಲ್ಲಿ ಕೂತ.

ಒಂದು ಮಧ್ಯಾಹ್ನ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಾ, ಏನೋ ನೆನಪಾದವಳಂತೆ ಕೇಳಿದಳು.

“ರೀ, ಊರೋರ ಮನೇನೆಲ್ಲ ಬರ್ದ್ರಿ. ನನಗೊಂದು ಮನೆ ಬರ್ಕೊಡಿ.”

“ಈಗ್ಯಾಕೆ?”

“ಕಟ್ಟೋಕಲ್ಲ ಬಿಡಿ. ಹಾಳೆ ಮೇಲಾದ್ರೂ ಇರ್ಲಿ ಅಂತ.”

ಸ್ಕೇಲಣ್ಣ ಹಳೇ ಪೆನ್ಸಿಲ್ ಹುಡುಕಿ, ಸ್ಕೇಲು ಒತ್ತಿ ಹಿಡಿದು ಮೊದಲ ಗೋಡೆ ಎಳೆಯಹೋದ. ಕೈ ನಡುಗಿತು. ಗೆರೆ ಸ್ಕೇಲಿನ ಅಂಚು ಬಿಟ್ಟು ಹೊಳೆಯ ದಂಡೆಯಂತೆ ಸೊಟ್ಟಗಾಯಿತು. ಇನ್ನೊಂದು ಎಳೆದ, ಅದೂ ಹಾಗೇ. ಚಹಾ ಲೋಟ ಹಿಡಿದಾಗ ಕೈ ನಡುಗುವುದು ಗೊತ್ತಿತ್ತು, ಗೆರೆಗೂ ಅದು ಬಂದಿದೆಯೆಂದು ತಿಳಿದದ್ದು ಅವತ್ತೇ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡ. ಅವಳು ನೋಡಿಯೂ ನೋಡದ ಹಾಗೆ ಒಳಗೆ ಹೋದಳು.

ಮೂರು ದಿನ ಪೆನ್ಸಿಲ್ ಮುಟ್ಟಲಿಲ್ಲ. ನಾಲ್ಕನೇ ದಿನ ಚಪ್ಪಲಿ ಮೆಟ್ಟಿ, ಬಸ್ ನಿಲ್ದಾಣದ ಹಿಂದಿನ ಓಣಿಯ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗೆ ಹೋದ. ಅಂಗಡಿ ನಡೆಸುತ್ತಿದ್ದವಳು ಕೂದಲಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದ ನಡುವಯಸ್ಸಿನ ಹೆಂಗಸು.

“ಅಂಕಲ್, ಜೋಡಿಸಿದ್ದೇ ಕೊಡ್ತೀನಿ. ಮನೆಗೆ ಹೋಗಿ ಸ್ವಿಚ್ ಹಾಕಿದ್ರೆ ಆಯ್ತು. ಬಿಡಿಬಿಡಿಯಾಗಿ ಒಯ್ದು ಯಾಕೆ ತಲೆನೋವು ತಗೋತೀರಾ?”

“ನೋಡಮ್ಮಾ, ಒಂದು ಕಾಲದಲ್ಲಿ ಇದರ ಮುಂದೆ ಕೂರಲ್ಲ ಅಂತ ಹಟ ಮಾಡಿದವನು ನಾನು. ಈಗ ಒಳಗೇನಿದೆ ಅಂತಾನೂ ತಿಳ್ಕೊಳ್ದೆ ಹೋಗಿ ಕೂತ್ರೆ ಮುಖ ಎಲ್ಲಿಡ್ಲಿ?”

ಅವಳು ನಗಲಿಲ್ಲ. ಒಂದೊಂದೇ ಪೆಟ್ಟಿಗೆ ತೆಗೆದು ಎದುರಿಗಿಟ್ಟು, ಯಾವುದು ಏನು ಅಂತ ಹೇಳಿಕೊಟ್ಟಳು. ಕೊನೆಗೆ, “ಬೋರ್ಡ್ ಮುಟ್ಟೋ ಮುಂಚೆ ಕಿಟಕಿ ಸರಳನ್ನೊಂದ್ಸಲ ಮುಟ್ಟಿ. ಮೈಯಲ್ಲಿರೋ ಕರೆಂಟ್ ಇಳಿದು ಹೋಗುತ್ತೆ. ಏನಾದ್ರೂ ಆದ್ರೆ ಫೋನ್ ಮಾಡಿ,” ಎಂದಳು.

ಮನೆಗೆ ತಂದವನು ನೇರ ಜೋಡಿಸಲಿಲ್ಲ. ಖಾಲಿ ಡಬ್ಬದ ಒಳಗನ್ನು ಟೇಪಿನಿಂದ ಅಳೆದ. ಮದರ್‌ಬೋರ್ಡಿನ ಉದ್ದಗಲ, ಸ್ಕ್ರೂ ತೂತುಗಳ ನಡುವಿನ ಅಂತರ, ತಂತಿಗಳು ಹಾದುಹೋಗುವ ದಾರಿ, ಎಲ್ಲವನ್ನೂ ಸೊಟ್ಟ ಗೆರೆಯಲ್ಲೇ ಗುರುತು ಹಾಕಿಕೊಂಡ. ಹೆಂಡತಿ ಇಣುಕಿ ನೋಡಿ, “ಇದ್ಯಾರ ಮನೆ? ಹಜಾರ ಇಷ್ಟು ದೊಡ್ಡದು, ಒಂದು ಅಡುಗೆಮನೇನೂ ಇಲ್ಲ,” ಅಂದಳು.

“ಇದೇ ಅಡುಗೆಮನೆ,” ಅಂತ ಪ್ರೊಸೆಸರ್ ಕೂರುವ ಚೌಕ ತೋರಿಸಿದ. “ಬಿಸಿಯೆಲ್ಲ ಇಲ್ಲೇ. ಅದಕ್ಕೇ ಇದರ ನೆತ್ತಿ ಮೇಲೆ ಫ್ಯಾನು.”

ಜೋಡಿಸಲು ಎರಡು ದಿನ ಹಿಡಿಯಿತು. ಸಣ್ಣ ಸ್ಕ್ರೂ ತೂತಿಗೆ ಇಳಿಯುವ ಮೊದಲೇ ಬೆರಳು ನಡುಗಿ ಉದುರಿಹೋಗುತ್ತಿತ್ತು. ಹೆಂಡತಿ ನೆಲದಲ್ಲಿ ಹುಡುಕಿ ಕೊಡುತ್ತಿದ್ದಳು. ಕೊನೆಗೆ, “ನೀವು ಜಾಗ ತೋರಿಸಿ, ನಾನು ಹಾಕ್ತೀನಿ,” ಅಂತ ಸ್ಕ್ರೂಡ್ರೈವರ್ ಕಸಿದುಕೊಂಡಳು. ಸಾವಿರಾರು ಹಾಸಿಗೆ ಬಟ್ಟೆ ಅಂಚಿಗೆ ಅಂಚು ಸೇರಿಸಿ ಮಡಿಸಿದ ಕೈ ಅದು, ಅಲುಗಲಿಲ್ಲ.

ಎಲ್ಲ ಮುಗಿಸಿ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದ. ಕಲ್ಲು ಬೇಕಾದರೂ ಮಾತಾಡೀತು, ಅದು ಮಿಸುಕಲಿಲ್ಲ. ತಂತಿಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿ, ಜೊತೆಗೆ ಬಂದ ಪುಸ್ತಕ ಓದಿ, ಕನ್ನಡಕ ಒರೆಸಿ, ಒಂದು ಗಂಟೆ ಒದ್ದಾಡಿದ. ಡಬ್ಬದ ಹಿಂದೆ ಕಸ ಗುಡಿಸುತ್ತಿದ್ದವಳು ಕೇಳಿದಳು:

“ರೀ, ಇಲ್ಲಿ ಹಿಂದೆ ಒಂದು ಪುಟ್ಟ ಸ್ವಿಚ್ ಇದೆ. ಇದನ್ನ ಹಾಕಿದೀರಾ?”

ಹಾಕಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಈಗ ಫ್ಯಾನು ತಿರುಗಿತು, ದೀಪ ಹತ್ತಿತು. ಆದರೆ ಮಾನಿಟರ್ ಕಪ್ಪಾಗೇ ಇತ್ತು. ಒಳಗಿನಿಂದ ಬೀಪ್, ಬೀಪ್, ಬೀಪ್ ಅಂತ ಮೂರು ಸಲ ಕೂಗು. ಅಂಗಡಿಯವಳಿಗೆ ಫೋನ್ ಮಾಡಿದ.

“ಮೂರು ಸಲನಾ? ರ್‍ಯಾಮ್ ಸರಿಯಾಗಿ ಕೂತಿಲ್ಲ ಅಂಕಲ್. ಸ್ವಿಚ್ ತೆಗೆದು, ಅದನ್ನ ಗಟ್ಟಿಯಾಗಿ ಒತ್ತಿ.”

“ಒತ್ತಿದೀನಲ್ಲಮ್ಮ.”

“ಮಗು ಕೆನ್ನೆ ಮುಟ್ಟಿದ ಹಾಗೆ ಒತ್ತಿರ್ತೀರಾ. ಎರಡೂ ಕಡೆ ಟಕ್ ಅನ್ನಬೇಕು.”

ನಿಜವೇ, ಮುರಿದೀತು ಅಂತ ಹೆದರಿ ಮೆಲ್ಲಗೆ ಇಟ್ಟಿದ್ದ. ಉಸಿರು ಬಿಗಿಹಿಡಿದು ಹೆಬ್ಬೆರಳು ಊರಿದ. ಟಕ್, ಟಕ್. ಈ ಸಲ ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ಕೇಲಣ್ಣನ ಕಣ್ಣಲ್ಲಿ ನೀರಿತ್ತು, ಅದನ್ನವನು ಧೂಳು ಅಂದ.

ಆ ಸಂತೋಷ ಹನ್ನೊಂದು ನಿಮಿಷದ್ದು. ದೀಪ ಆರಿ ಎಲ್ಲ ಸ್ತಬ್ಧವಾಯಿತು. ಸ್ವಲ್ಪ ಬಿಟ್ಟು ಹಾಕಿದರೆ ಮತ್ತೆ ಬಂತು, ಒಂಬತ್ತು ನಿಮಿಷಕ್ಕೆ ಮತ್ತೆ ಹೋಯಿತು. ಮನೆಯ ಕರೆಂಟಿನದೇ ದೋಷವೆಂದು ವೈರಿಂಗ್‌ನವನನ್ನು ಕರೆತಂದ. ಅವನು ಪ್ಲಗ್ ಪರೀಕ್ಷಿಸಿ, “ನಿಮ್ಮ ಗೋಡೆಯಲ್ಲೇನೂ ತಪ್ಪಿಲ್ಲ,” ಅಂದುಬಿಟ್ಟ. ಸ್ಕೇಲಣ್ಣ ಪ್ರತಿ ಸಲ ಎಷ್ಟು ನಿಮಿಷ ನಡೆಯಿತು ಅಂತ ಪುಸ್ತಕದಲ್ಲಿ ಬರೆದಿಟ್ಟ. ಹನ್ನೊಂದು, ಒಂಬತ್ತು, ಹತ್ತು, ಆರು. ಬೇಗ ಬೇಗ ಹಾಕಿದಷ್ಟೂ ಬೇಗ ಹೋಗುತ್ತಿತ್ತು. ಅಂಗಡಿಯವಳಿಗೆ ಫೋನಿನಲ್ಲಿ ಓದಿ ಹೇಳಿದ.

“ಪ್ರೊಸೆಸರ್ ಕಾಯ್ತಾ ಇದೆ ಅಂಕಲ್. ಆರಿದ ತಕ್ಷಣ ಸ್ವಿಚ್ ತೆಗೆದು, ಫ್ಯಾನ್ ಕೆಳಗಿರೋ ಅಲ್ಯೂಮಿನಿಯಂ ಮುಟ್ಟಿ ನೋಡಿ. ಬಿಸಿ ಇದ್ಯಾ?”

ಮುಟ್ಟಿದ. “ಇಲ್ವಲ್ಲ, ತಣ್ಣಗೇ ಇದೆ.”

“ತಣ್ಣಗಿರೋದೇ ತಪ್ಪು! ಕೆಳಗಿನ ಬಿಸಿ ಅದಕ್ಕೆ ಹತ್ತಬೇಕು. ಬಿಚ್ಚಿ ನೋಡಿ, ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಗೇ ಬಿಟ್ಟಿದೀರಾ ಅಂತ.”

ಬಿಟ್ಟಿದ್ದ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪಾರದರ್ಶಕ ಹಾಳೆ. ಟ್ರೇಸಿಂಗ್ ಹಾಳೆಯ ಮೇಲೆ ಕೂದಲು ಬಿದ್ದರೂ ಗುರುತಿಸುತ್ತಿದ್ದ ಕಣ್ಣಿಗೆ ಇದು ಕಂಡಿರಲಿಲ್ಲ. ಅದನ್ನು ಸುಲಿದು, ಬಿಸಿ ದಾಟಿಸಲು ಹಚ್ಚಿದ್ದ ಹಳೇ ಪೇಸ್ಟ್ ಒರೆಸಿ, ಹೊಸದನ್ನು ಒಂದು ಬೊಟ್ಟಿನಷ್ಟು ಇಟ್ಟು ಬಿಗಿದರು. ಹನ್ನೊಂದು ನಿಮಿಷ ದಾಟಿತು. ಒಂದು ಗಂಟೆ ದಾಟಿತು. ಅವತ್ತಿಡೀ ಅದು ಆರಲಿಲ್ಲ.

“ಅಂತೂ ಬೆಟ್ಟ ಅಗೆದು ಇಲಿ ಹಿಡಿದ್ರಿ,” ಅಂತ ಹೆಂಡತಿ ಮೌಸನ್ನು ಅವನ ಕೈಗಿತ್ತಳು.

ನಕ್ಷೆ ಬರೆಯುವುದನ್ನು ಅದರಲ್ಲಿ ಕಲಿಯಲು ಒಂದು ತಿಂಗಳು ಬೇಕಾಯಿತು. ಒಂದು ಕಡೆ ಒತ್ತಿ, ಇನ್ನೊಂದು ಕಡೆ ಒತ್ತಿದರೆ ಗೆರೆ ತಾನೇ ನೆಟ್ಟಗೆ ಬರುತ್ತಿತ್ತು, ಕೈ ಎಷ್ಟೇ ನಡುಗಲಿ. ಮೊದಲ ಗೆರೆ ಬಂದಾಗ ಕಿಸೆಯ ಸ್ಕೇಲು ತೆಗೆದು ಪರದೆಗೆ ಹಿಡಿದು ನೋಡಿದ. ಇಷ್ಟು ಸುಲಭದ್ದಕ್ಕೆ ಇಪ್ಪತ್ತು ವರ್ಷ ಮುಖ ತಿರುಗಿಸಿದೆನಲ್ಲ ಅನ್ನಿಸಿತು. ಆ ಕಚೇರಿ, ಶಾಯಿಯ ವಾಸನೆ, ಎತ್ತರದ ಸ್ಟೂಲು, ನಕ್ಕ ಗೆಳೆಯರು ಎಲ್ಲ ಒಮ್ಮೆಲೇ ಬೇಕು ಅನ್ನಿಸಿತು.

ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಕುರ್ಚಿ ಎಳೆದುಕೊಂಡು ಕೂರುವರು. ಅವಳು ಹೇಳುವಳು, ಇವನು ಎಳೆಯುವನು. ಅಡುಗೆಮನೆಗೆ ಬೆಳಗಿನ ಬಿಸಿಲು ಬರಬೇಕು. ಬಟ್ಟೆ ಒಣಹಾಕಲು ತನ್ನದೇ ಅಂಗಳ ಬೇಕು. ಮೆಟ್ಟಿಲು ಒಂದೂ ಬೇಡ. ಬಚ್ಚಲಲ್ಲಿ ಇಬ್ಬರು ನಿಂತರೂ ಮೊಣಕೈ ತಾಗಬಾರದು. ಇಷ್ಟೆಲ್ಲ ಯಾವಾಗಿನಿಂದ ಇವಳ ತಲೆಯಲ್ಲಿತ್ತು ಅಂತ ಅವನಿಗೆ ಬೆರಗು. ಒಂದು ದಿನ ಅವಳೆಂದಳು:

“ಇನ್ನೊಂದು ಕೋಣೆ ಬೇಕು.”

“ಯಾರಿಗೆ? ಇರೋದು ಇಬ್ರು.”

“ಅಕ್ಕನಿಗೆ.”

ಅವನ ಕೈ ಮೌಸಿನ ಮೇಲೇ ನಿಂತಿತು. ಹೆಂಡತಿಯ ಅಕ್ಕ ತೀರಿಕೊಂಡು ಎಂಟು ವರ್ಷವಾಗಿತ್ತು. ತಾಯಿಯಿಲ್ಲದ ತಂಗಿಯನ್ನು ಸಮವಸ್ತ್ರ ಹೊಲಿದು ಸಾಕಿದವಳು, ತಾನು ಮದುವೆಯಾಗದೆ ತಂಗಿಗೆ ಮದುವೆ ಮಾಡಿದವಳು. ಕಣ್ಣು ಮಂಜಾಗಿ ಹೊಲಿಗೆ ನಿಂತಾಗ ಅವಳನ್ನು ಮನೆಗೆ ಕರೆತರುವ ಮಾತು ಬಂದಿತ್ತು. ಆಗ ಸ್ಕೇಲಣ್ಣ ಟೇಪು ಹಿಡಿದು ಎರಡೂ ಕೋಣೆ ಅಳೆದು, ಮೂರನೇ ಮಂಚಕ್ಕೆ ಜಾಗವಿಲ್ಲವೆಂದು ಅಡಿ ಇಂಚುಗಳಲ್ಲಿ ತೋರಿಸಿಕೊಟ್ಟಿದ್ದ. ಅಕ್ಕ ವೃದ್ಧರ ನಿವಾಸಕ್ಕೆ ಹೋದಳು. ಒಂದೇ ಹಜಾರದಲ್ಲಿ ಎಂಟು ಮಂಚ. ನಾಲ್ಕು ವರ್ಷ, ಪ್ರತಿ ಭಾನುವಾರ ತಂಗಿ ಹೋಗಿ ತಲೆ ಬಾಚಿ ಬರುತ್ತಿದ್ದಳು.

ಅವನು ಪರದೆಯಿಂದ ಕಣ್ಣು ಕಿತ್ತು ಕೋಣೆಯನ್ನು ನೋಡಿದ. ಈಗ ಕಂಪ್ಯೂಟರ್ ಇದ್ದ ಮೂಲೆಯಲ್ಲೇ ಆಗ ಡ್ರಾಯಿಂಗ್ ಬೋರ್ಡ್ ಇತ್ತು, ಆರಡಿ ಉದ್ದ, ನಾಲ್ಕಡಿ ಅಗಲ. ಆಗಲೇ ನಕ್ಷೆಯ ಕೆಲಸ ಹೋಗಿ ಎಂಟು ವರ್ಷವಾಗಿದ್ದರೂ, ಒಂದು ಗೆರೆ ಎಳೆಯದಿದ್ದರೂ, ಅದನ್ನು ಗೋಡೆ ಕಂಬಗಳಷ್ಟೇ ಕದಲದ ವಸ್ತುವೆಂದು ಲೆಕ್ಕ ಹಿಡಿದಿದ್ದ. ಗೆದ್ದಲು ತಿಂದ ಮೇಲೆಯೇ ಅದು ಹೊರಗೆ ಹೋದದ್ದು.

“ಜಾಗ ಇತ್ತು ಕಣೇ,” ಎಂದ. “ಬೋರ್ಡ್ ತೆಗೆದಿದ್ರೆ ಮಂಚ ಹಿಡೀತಿತ್ತು. ನಾನು ಅದನ್ನ ಅಳೀಲೇ ಇಲ್ಲ.”

“ನಂಗೊತ್ತಿತ್ತು.”

“ಗೊತ್ತಿತ್ತಾ? ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?”

“ಬಿಡೋಳಿದ್ದೆ. ಅಕ್ಕನೇ ತಡೆದ್ಲು. ಆ ಮನುಷ್ಯನಿಗೆ ಉಳಿದಿರೋದು ಅದೊಂದೇ, ಅದನ್ನೂ ಎತ್ತಿಸ್ಬೇಡ್ವೇ ಅಂದ್ಲು.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿ ಅದರ ಸೊಟ್ಟ ನೋಡುತ್ತಿದ್ದರು. ತನ್ನನ್ನು ಅಷ್ಟು ಬಲ್ಲ ಆ ಅಕ್ಕನ ಜೊತೆ ಮನಸ್ಸು ಬಿಚ್ಚಿ ಒಂದು ಗಳಿಗೆಯೂ ಮಾತಾಡಿರಲಿಲ್ಲ ಅನ್ನುವುದು ನೆನಪಾಯಿತು. ತುಸು ಹೊತ್ತಿಗೆ ಅವನೇ ಬಂದು ಕೂತು, “ಎಷ್ಟು ಅಗಲ ಬೇಕು ಹೇಳು,” ಎಂದ.

ಅಕ್ಕನ ಕೋಣೆ ಮನೆಯಲ್ಲೇ ದೊಡ್ಡದಾಯಿತು. ಬೀದಿ ಕಡೆಗೆ ಕಿಟಕಿ, ಅಲ್ಲೊಂದು ಹೊಲಿಗೆ ಮಿಷನ್. ಮಂಚ ಮೂರಡಿಯಿದ್ದದ್ದು ನಾಲ್ಕಡಿಯಾಯಿತು, ಅಕ್ಕ ನಿದ್ದೆಯಲ್ಲಿ ಹೊರಳುತ್ತಿದ್ದಳಂತೆ. ಒಂದು ವಾರ ಕಳೆದ ಮೇಲೆ ಸ್ಕೇಲಣ್ಣ, “ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸ್ತೀನಿ, ಗೋಡೆಗೆ ಅಂಟಿಸೋಣ,” ಎಂದ.

“ಬೇಡ,” ಎಂದಳು. “ಹಾಳೆಗೆ ಇಳಿದ್ರೆ ಮುಗಿದೋಯ್ತು. ಹೀಗಿದ್ರೆ ದಿನಾ ಹೋಗಿ ಬರಬಹುದು.”

ಅವನು ಒತ್ತಾಯಿಸಲಿಲ್ಲ. ಈಗಲೂ ಮಧ್ಯಾಹ್ನದ ಊಟವಾದ ಮೇಲೆ ಎರಡು ಕುರ್ಚಿ ಆ ಮೂಲೆಗೆ ಸರಿಯುತ್ತವೆ. ಏನಾದರೊಂದು ಬದಲಾಗುತ್ತಲೇ ಇರುತ್ತದೆ. ಮೊನ್ನೆ ಅವಳು ಅಕ್ಕನ ಕೋಣೆಯ ಬಾಗಿಲನ್ನು ಹಜಾರದ ಕಡೆಯಿಂದ ತೆಗೆಸಿ ಅಡುಗೆಮನೆಯ ಕಡೆಗೆ ಇಡಿಸಿದಳು. ಯಾಕೆ ಅಂತ ಅವನು ಕೇಳಿದ್ದಕ್ಕೆ, “ಅವಳ ದನಿ ಮೆತ್ತಗೆ. ಕರೆದ್ರೆ ನನಗೆ ಕೇಳಿಸ್ಬೇಕಲ್ಲ,” ಎಂದಳು.