ಹೂವಿಗೆ ಹೊಂದುವ ದಾರ

ನಮ್ಮ ಬೀದಿಯ ಟೈಲರ್ ಮಾವನಿಗೆ ಮೂಗಿನ ತುದಿಯಲ್ಲೇ ಕೋಪ. ಅವರು ಮಿಷನ್ ತುಳಿದರೆ, ಅತ್ತೆ ಪಕ್ಕದಲ್ಲಿ ಕೂತು ಗುಂಡಿ ಹಚ್ಚುವರು. ಚಳಿ ಸರಿದು ಮರ ಚಿಗುರಿತೆಂದರೆ ಸಾಕು, ಒಂದು ಬೆಳಿಗ್ಗೆ ಅಂಗಡಿಗೆ ಬೀಗ ಜಡಿದು ಇಬ್ಬರೂ ಊರಾಚೆಯ ಹೊಲದ ದಾರಿ ಹಿಡಿಯುವರು. ದಾರಿಯುದ್ದಕ್ಕೂ ಒಂದು ಆಟ: ಅತ್ತೆ ಹೂ ತೋರಿಸಬೇಕು, ಅದಕ್ಕೆ ಹೊಂದುವ ದಾರ ಡಬ್ಬಿಯಲ್ಲಿ ಎಲ್ಲಿದೆ ಎಂದು ಮಾವ ಹೇಳಬೇಕು. ಒಮ್ಮೆಯೂ ತಪ್ಪಿದವರಲ್ಲ.

ಈ ಸಲ ಅತ್ತೆಗೆ ಅದು ಆಟವಾಗಿ ಉಳಿದಿರಲಿಲ್ಲ. ಹಿಂದಿನ ವಾರ ಮಾವ ನೇರಳೆ ಅಂಗಿಗೆ ಬೂದು ದಾರ ಹಾಕಿ ಹೊಲಿದುಬಿಟ್ಟಿದ್ದರು. ಅತ್ತೆ ಸದ್ದಿಲ್ಲದೆ ಬಿಚ್ಚಿ, ತಾವೇ ಹೊಲಿದಿಟ್ಟರು. ಕೇಳಲು ಬಾಯಿ ಬರಲಿಲ್ಲ. ಕಣ್ಣು ಕೈಕೊಟ್ಟ ದಿನ ಕತ್ತರಿ ಮುಟ್ಟುವುದಿಲ್ಲ ಎಂದು ಎಂದೋ ಹೇಳಿದವರು ಮಾವ.

ಬೇಲಿಯ ಬುಡದಲ್ಲಿ ಹಳದಿ ಹೂ. ಜೇನುನೊಣಗಳು ಮುತ್ತಿಕೊಂಡಿದ್ದವು.

"ಇದಕ್ಕೆ, ರೀ?"

"ಮೇಲಿನ ಸಾಲು, ಮೂಲೇಲಿ. ಇದೂ ಒಂದು ಪ್ರಶ್ನೆನಾ?"

ಅತ್ತೆಗೆ ಹೋದ ಜೀವ ಬಂದಂತಾಯಿತು. ಆದರೆ ಹಳ್ಳದ ದಂಡೆಯಲ್ಲಿ ನೇರಳೆ ಹೂವಿನ ಬಳ್ಳಿ ಎದುರಾಯಿತು. ನೋಡದ ಹಾಗೆ ದಾಟಿಬಿಡೋಣ ಎನ್ನಿಸಿತು, ಕಾಲು ಏಳಲಿಲ್ಲ.

"ಇದಕ್ಕೆ?"

ಮಾವ ಬಗ್ಗಿದರು, ಕಣ್ಣು ಕಿರಿದು ಮಾಡಿದರು. "ಬೂದು. ಕೆಳಗಿನ ಸಾಲು."

ಅಷ್ಟರಲ್ಲಿ ನೀರಿನ ಮೇಲೆ ನೀಲಿ ಗೆರೆ ಎಳೆದಂತೆ ಮಿಂಚುಳ್ಳಿಯೊಂದು ಹಾರಿಬಂದು ಎದುರಿನ ಕೊಂಬೆಯಲ್ಲೇ ಕೂತು ಕೂಗಿತು.

"ಮಿಂಚುಳ್ಳಿ ಅಲ್ವಾ? ಎಲ್ಲಿದೆ?"

"ಹಾರಿಹೋಯ್ತು ಬಿಡಿ."

"ಸುಳ್ಳಿ! ಇಲ್ಲೇ ಕೂಗ್ತಿದೆ." ಮಾವ ನೀರಿನ ಕಡೆ ಮುಖ ತಿರುಗಿಸಿದರು. "ಆ ಅಂಗಿ ಬಿಚ್ಚಿ ಹೊಲಿದೋಳು ನೀನೇ ತಾನೆ?"

"ನಿಮಗ್ಹೇಗೆ ಗೊತ್ತಾಯ್ತು?"

"ಇಸ್ತ್ರಿ ಮಾಡುವಾಗ ಕೈಗೆ ಸಿಕ್ತು. ನನ್ನ ಹೊಲಿಗೆ ಅಷ್ಟು ಸೊಟ್ಟ ಇರುತ್ತೇನೇ?"

"ಗೊತ್ತಿದ್ದೂ ಸುಮ್ನಿದ್ರಾ?"

"ನೀನೂ ಸುಮ್ನಿದ್ದೆಯಲ್ಲ."

ಅತ್ತೆಗೆ ನಗು ಬಂತು, ಕಣ್ಣೂ ತುಂಬಿತು.

"ಸರಿ, ಆ ಹಕ್ಕಿಗೆ ಯಾವ ದಾರ? ಈ ಸಲ ನೀನೇ ಹೇಳು."

ಅತ್ತೆ ಕೊಂಬೆಯನ್ನು ದಿಟ್ಟಿಸಿದರು. "ಅಂಥ ನೀಲಿ ನಮ್ಮ ಡಬ್ಬೀಲೇ ಇಲ್ಲ, ರೀ."

"ಹಾಗಾದ್ರೆ ಪೇಟೆಗೆ ಹೋಗಿ ತರಬೇಕು." ಮಾವ ಬಳ್ಳಿಯ ಕಡೆ ತಿರುಗಿದರು. "ಹೇಗೂ ಹೋಗ್ತೀವಲ್ಲ... ಆ ಕಣ್ಣಿನ ಡಾಕ್ಟರ ಹತ್ರಾನೂ..."

ಹಳ್ಳದ ಕಲ್ಲುಗಳನ್ನು ದಾಟುವಾಗ, ಎಂದೂ ಕೈ ಹಿಡಿಯದ ಮಾವ ಅತ್ತೆಯ ತೋಳು ಹಿಡಿದಿದ್ದರು. ಆಚೆ ದಡ ಬಂದರೂ ಬಿಡಲಿಲ್ಲ.