ಮಾಷ್ಟ್ರು ಊದಿದ ಹಿಮ

ನಮ್ಮ ಮಾಷ್ಟ್ರ ಮೀಸೆಯಲ್ಲಿ ಯಾವಾಗಲೂ ಒಂದೆರಡು ಎಳೆ ಹತ್ತಿ ಸಿಕ್ಕಿಕೊಂಡಿರುತ್ತಿತ್ತು. ಮಾತಾಡುವಾಗ ಅದು ಅಲುಗುತ್ತಿತ್ತು, ನಾವು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಅವರಿಗೆ ಗೊತ್ತಿತ್ತು, ಆದರೂ ಒರೆಸಿಕೊಳ್ಳುತ್ತಿರಲಿಲ್ಲ.

ಐವತ್ತರ ದಶಕದ ಮೂಡುಬಿದಿರೆ. ಶಾಲೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ತಕಲಿಯಲ್ಲಿ ನೂಲು ತೆಗೆಯುವ ಪೀರಿಯಡ್ಡು. "ಕೈಗೆ ಕೆಲಸ ಉಂಟು, ಕಿವಿ ಯಾಕೆ ಸುಮ್ಮನೆ ಕೂರಬೇಕು?" ಎನ್ನುತ್ತ ಮಾಷ್ಟ್ರು ಮಂಗಳೂರಿನಿಂದ ತಂದ ಹಳೆಯ ಇಂಗ್ಲಿಷ್ ಪುಸ್ತಕ ತೆರೆಯುತ್ತಿದ್ದರು. ಎಲ್ಲೆಲ್ಲಿಯದೋ ದೇಶಗಳ ಪದ್ಯಗಳು. ಮೊದಲು ತುಳುವಿನಲ್ಲಿ ಕತೆಯ ಹಾಗೆ ಹೇಳಿ, ಆಮೇಲೆ ನಿಧಾನವಾಗಿ ಕನ್ನಡದಲ್ಲಿ ಪದ್ಯ ಕಟ್ಟುತ್ತಿದ್ದರು. "ಅಲ್ಲಿನವರು ಹೇಗೆ ಅಳ್ತಾರೆ ನೋಡುವ" ಎನ್ನುವುದು ಅವರ ಪೀಠಿಕೆ. ಕೇಳುತ್ತ ಕೇಳುತ್ತ ನಮ್ಮ ನೂಲು ತುಂಡಾಗುತ್ತಿತ್ತು. ಅವರು ಬೈಯುತ್ತಿರಲಿಲ್ಲ.

ಒಮ್ಮೆ ಒಂಟಿ ಅಜ್ಜಿಯ ಪದ್ಯ ಬಂತು. ಬಾವಿಯಿಂದ ಬಾಗಿಲಿನವರೆಗೆ ಹಿಮದಲ್ಲಿ ಹೆಜ್ಜೆ ಕಂಡು, ಯಾರೋ ಬಂದಿದ್ದಾರೆಂದು ಅವಳು ಸಂತೋಷದಿಂದ ಒಳಗೆ ಓಡುತ್ತಾಳೆ. ಹೆಜ್ಜೆ ಅವಳದೇ.

"ಹಿಮ ಅಂದರೆ ಎಂಥದು ಮಾಷ್ಟ್ರೇ?" ಎಂದು ಕೇಳಿದ್ದು ನಾನು. ಅವರು ಒಂದು ಚಿಟಿಕೆ ಹತ್ತಿ ಕಿತ್ತು ಫೂ ಎಂದು ಊದಿದರು. ಅದು ನಮ್ಮ ತಲೆಗಳ ಮೇಲೆ ಮೆಲ್ಲಗೆ ಇಳಿಯಿತು. ಆ ದಿನ ಯಾರೂ ನಗಲಿಲ್ಲ.

ಕೆಲವು ದಿನಗಳಲ್ಲೇ ಇನ್ಸ್‌ಪೆಕ್ಟರು ಬಂದರು. ನಮ್ಮ ನೂಲನ್ನು ಎತ್ತಿ ಹಿಡಿದು, "ಕೊಟ್ಟ ಹತ್ತಿಗೆಲ್ಲ ಇಷ್ಟೇ ನೂಲಾ?" ಎಂದರು. ಉತ್ತರ ಗೊತ್ತಿರುವಾಗ ಸುಮ್ಮನಿರುವ ಪೈಕಿ ನಾನಲ್ಲ. ಎದ್ದು ನಿಂತು, "ಹಿಮ ಮಾಡಿದ್ದೇವೆ ಸರ್" ಎಂದೆ. ಅವರ ಕೋಟಿನ ಮೇಲೆ ಬೀಳುವ ಹಾಗೆ ಹತ್ತಿ ಊದಿ, ಪದ್ಯ ಪೂರ್ತಿ ಹೇಳಿದೆ. ಇನ್ಸ್‌ಪೆಕ್ಟರು ಕೋಟು ಕೊಡವಿಕೊಂಡು, "ಒಳ್ಳೆಯ ಕಂಠ" ಎಂದರು. ನಾನು ಉಬ್ಬಿಹೋದೆ.

ಮಾಷ್ಟ್ರಿಗೆ ವರ್ಗವಾಯಿತು, ಬೆಳ್ತಂಗಡಿಯಿಂದಲೂ ಆಚೆ, ಘಟ್ಟದ ಬುಡಕ್ಕೆ. ಹಾಸಿಗೆ ಹಿಡಿದ ತಾಯಿಯನ್ನು ತಂಗಿಯ ಕೈಗೆ ಒಪ್ಪಿಸಿ ಹೊರಟರು. ಮನೆಯಲ್ಲಿ ಅಪ್ಪ, "ನಿನ್ನ ಬಾಯಿ ಒಂದು ಮುಚ್ಚಿಕೊಂಡಿದ್ದರೆ ಆಗ್ತಿತ್ತು" ಎಂದರು. ಹೊರಡುವ ದಿನ ಮಾಷ್ಟ್ರು ನನ್ನ ಹೆಸರು ಹಿಡಿದು ಕರೆದರಂತೆ. ನಾನು ಶಾಲೆಯ ಹಿಂದೆ ಅಡಗಿ ಕೂತಿದ್ದೆ. ಮಳೆಗಾಲದಲ್ಲಿ ಆ ತಾಯಿ ತೀರಿಕೊಂಡರು, ಮಗ ತಲುಪುವ ಮೊದಲೇ.

ಬಾಯಿ ಮುಚ್ಚಿಕೊಳ್ಳುವುದನ್ನು ನಾನು ಚೆನ್ನಾಗಿಯೇ ಕಲಿತೆ. ಮುಂದೆ ಸಿದ್ಧಕಟ್ಟೆಯ ಕಡೆ ಟೀಚರಾದೆ. ನನ್ನ ಮಕ್ಕಳ ನೂಲನ್ನು ಇನ್ಸ್‌ಪೆಕ್ಟರುಗಳು ಹೊಗಳಿದ್ದೇ ಹೊಗಳಿದ್ದು. ಪದ್ಯ ಎಂದರೆ ಪಠ್ಯದಲ್ಲಿ ಇದ್ದಷ್ಟೇ. ಬೆಳ್ತಂಗಡಿಯ ಬಸ್ಸು ಕಂಡಾಗಲೆಲ್ಲ ಮುಂದಿನ ರಜೆಗೆ ಮಾಷ್ಟ್ರನ್ನು ನೋಡಿ ಬರುವ ಅಂದುಕೊಳ್ಳುತ್ತಿದ್ದೆ. ಹೋದದ್ದು ಅವರು ತೀರಿಕೊಂಡ ಮೇಲೆ, ಬೊಜ್ಜದ ಊಟಕ್ಕೆ.

ನೀರು ಬಡಿಸುತ್ತಿದ್ದ ಹುಡುಗಿ ಅವರ ಕೊನೆಯ ತರಗತಿಯವಳಂತೆ. ನಾನು ಮೂಡುಬಿದಿರೆಯವಳು, ಟೀಚರು ಎಂದು ತಿಳಿದು ಅಲ್ಲೇ ನಿಂತಳು.

"ಇನ್ಸ್‌ಪೆಕ್ಟರ ಮೇಲೆ ಹತ್ತಿ ಊದಿ ಪದ್ಯ ಹೇಳಿದ ಹುಡುಗಿ ಗೊತ್ತುಂಟಾ ಟೀಚರ್ ನಿಮಗೆ? ಮಾಷ್ಟ್ರು ಪ್ರತಿ ವರ್ಷ ಅವಳ ಕತೆ ಹೇಳ್ತಿದ್ರು. ಅಷ್ಟು ಧೈರ್ಯದ ಮಗು ಮತ್ತೆ ಸಿಗಲಿಲ್ಲ ಅಂತಿದ್ರು. ಅವಳು ಈಗ ಎಂಥ ಮಾಡ್ತಾಳೆ?"

"ಟೀಚರಾಗಿದ್ದಾಳೆ" ಎಂದೆ.

"ಹಾಗಾದ್ರೆ ಅವಳ ಮಕ್ಕಳಿಗೆ ಸುಮಾರು ಪದ್ಯ ಬರ್ಬಹುದಲ್ಲ?"

ತಲೆ ಎತ್ತದೆ, "ಬರ್ತದೆ" ಎಂದೆ.

ಆ ಸುಳ್ಳನ್ನು ನಿಜ ಮಾಡಲು ಮರುದಿನದಿಂದಲೇ ಶುರುಮಾಡಿದೆ. ಅಷ್ಟರಲ್ಲಿ ಎಷ್ಟೋ ಮಕ್ಕಳು ನನ್ನಿಂದ ಬರೀ ನೂಲುವುದನ್ನು ಕಲಿತು ಹೋಗಿಯಾಗಿತ್ತು.