ಬಿಸಿಲು ಹಂಚಿಕೊಡುವ ಗುಲ್ಶನ್

ಅಂಬ್ಲಿಗೊಳ ಜಲಾಶಯದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿದೆ. ಆಗಷ್ಟೇ ಬೆಳಕು ಹರಿಯುತ್ತಿದೆ. ಹುಚ್ಚಮ್ಮನವರ ಮನೆಯ ತಾರಸಿಯಲ್ಲಿ ಬಿಚ್ಚಿಟ್ಟ ಸೋಲಾರ್ ಫಲಕಗಳು ಗೋಡೆಗೆ ಒರಗಿವೆ. ಗುಲ್ಶನ್ ಕಬ್ಬಿಣದ ಕಂಬವೊಂದನ್ನು ನೆಟ್ಟಗೆ ನಿಲ್ಲಿಸಿ, ಅಳತೆಗೆ ಟೇಪು ಹಿಡಿಯುವ ಬದಲು ಮನೆಯ ಯಜಮಾನಿಯನ್ನು ಕೂಗುತ್ತಾರೆ. ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡೇ ಬರಬೇಕೆಂಬುದು ಷರತ್ತು. ಹುಚ್ಚಮ್ಮ ನಗುತ್ತ ಖಾಲಿ ಬುಟ್ಟಿ ಹೊತ್ತು ಬಂದರೆ, ಅದು ನಡೆಯುವುದಿಲ್ಲ, ತುಂಬಿದ ಬುಟ್ಟಿಯೇ ಬೇಕೆಂದು ವಾಪಸು ಕಳಿಸುತ್ತಾರೆ. ತುಂಬಿದ ಬುಟ್ಟಿ ಬಂದ ಮೇಲೆ, ಅದರಿಂದ ಒಂದು ಗೇಣು ಮೇಲಕ್ಕೆ ಕಂಬದ ಮೇಲೆ ಸೀಮೆಸುಣ್ಣದ ಗೆರೆ ಬೀಳುತ್ತದೆ. ಆಮೇಲೆಯೇ ಗುಲ್ಶನ್ ವೆಲ್ಡಿಂಗ್ ಕನ್ನಡಕ ಹಾಕಿಕೊಳ್ಳುವುದು.

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಈಗ ತಾರಸಿ ಮನೆಗಳ ಮೇಲೆ ಅಲ್ಲಲ್ಲಿ ಸೋಲಾರ್ ಮಿಂಚುತ್ತದೆ. ಫಲಕದ ಮೇಲೆ ಕಂಪನಿಯ ಹೆಸರಿದೆ, ಬಿಲ್ಲಿನಲ್ಲಿ ಮನೆಯ ಗಂಡಸಿನ ಹೆಸರಿದೆ. ಅದನ್ನು ಹೊತ್ತು ನಿಂತ ಕಬ್ಬಿಣದ ಚೌಕಟ್ಟು ಯಾರದ್ದು ಎಂದು ಕೇಳಿದವರಿಲ್ಲ. ಎಷ್ಟೋ ಕಡೆ ಅದು ಶಿಕಾರಿಪುರ ಪೇಟೆಯ ಹೆಣ್ಣುಮಗಳು ಗುಲ್ಶನ್ ಅವರ ಕೈಕೆಲಸ.

ಗುಲ್ಶನ್ ಅವರ ತಂದೆ ನಜೀರ್ ಸಾಬ್ ಒಂದು ಕಾಲಕ್ಕೆ ಮದುವೆಯ ಟ್ರಂಕು ಮಾಡುವುದರಲ್ಲಿ ಎತ್ತಿದ ಕೈ. ಮುಚ್ಚಳ ಹಾಕಿದರೆ ಇರುವೆ ನುಸುಳಬಾರದು ಎನ್ನುವಂಥ ಹಟ ಅವರದು. ಬೀರುಗಳು ಬಂದು ಟ್ರಂಕು ಕೇಳುವವರಿಲ್ಲದಂತಾಯಿತು, ಅದರ ಹಿಂದೆಯೇ ಅವರ ಕಣ್ಣೂ ಮಂಜಾಯಿತು. ಆಗ ಮಗಳು ವೆಲ್ಡಿಂಗ್ ಕಲಿತರು. ಹುಡುಗಿ ಬೆಸೆದ ಗೇಟು ನಿಲ್ಲುತ್ತದೆಯೇ ಎಂದು ಪೇಟೆಯಲ್ಲಿ ಆಡಿಕೊಂಡವರು ಬಹಳ ಮಂದಿ. ಆ ಗೇಟುಗಳು ಇವತ್ತಿಗೂ ನಿಂತಿವೆ, ಆಡಿಕೊಂಡವರಲ್ಲಿ ಕೆಲವರು ಅವನ್ನೇ ತೆರೆದು ಮುಚ್ಚಿ ಓಡಾಡುತ್ತಿದ್ದಾರೆ. ಈಗ ತಮ್ಮ ಆರಿಫ್ ವೈರಿಂಗ್ ನೋಡಿಕೊಳ್ಳುತ್ತಾರೆ, ಅಕ್ಕ ಕಬ್ಬಿಣ ನೋಡಿಕೊಳ್ಳುತ್ತಾರೆ.

ಸೋಲಾರ್ ಹಾಕಿಸಿದರೆ ಲಾಭವೋ ನಷ್ಟವೋ ಎಂದು ದಿನಾ ಯಾರಾದರೂ ಕೇಳುತ್ತಾರಂತೆ. ಕೆಲಸ ಬೇಕಾದವರು ಕೊಡುವ ಉತ್ತರವನ್ನು ಗುಲ್ಶನ್ ಕೊಡುವುದಿಲ್ಲ. ಇನ್ನೂರು ಯೂನಿಟ್ಟಿನೊಳಗೆ ಉಚಿತ ಕರೆಂಟು ಸಿಗುತ್ತಿರುವ ಸಣ್ಣ ಮನೆಗೆ, ಇದು ಕೈಯಿಂದ ದುಡ್ಡು ಹಾಕಿ ಬಿಸಿಲು ಕೊಂಡಂತೆ ಎಂದು ನೇರವಾಗಿ ಹೇಳಿಬಿಡುತ್ತಾರೆ. ಬ್ಯಾಟರಿ ಇಲ್ಲದಿದ್ದರೆ ಲೈನಿನ ಕರೆಂಟು ಹೋದಾಗ ಸೋಲಾರೂ ಕೈಕೊಡುತ್ತದೆ ಎಂಬ ಗುಟ್ಟನ್ನೂ ಮೊದಲೇ ಬಿಚ್ಚಿಡುತ್ತಾರೆ. ಸೊರಬದ ಕಡೆ ಒಬ್ಬರು ಫಲಕಕ್ಕೆ ನೆರಳಾಗುವ ಹಲಸಿನ ಮರ ಕಡಿಸಲು ಹೊರಟಿದ್ದರು. ಮರ ಇರಲಿ, ಸೋಲಾರೇ ಬೇಡ ಎಂದು ಅವರನ್ನು ಒಪ್ಪಿಸಿ ಬಂದಿದ್ದಾರೆ. ಆರಿಫ್‌ಗೆ ಅವತ್ತು ಸಿಟ್ಟು ಬಂದಿತ್ತಂತೆ. ಅಕ್ಕ ಇಂಥ ವ್ಯಾಪಾರ ಮಾಡಿದರೆ ನಾವು ಒಲೆ ಹಚ್ಚುವುದು ಹೇಗೆ ಎಂದು ಅವರು ಈಗಲೂ ನಗುತ್ತಲೇ ಛೇಡಿಸುತ್ತಾರೆ.

ಹುಚ್ಚಮ್ಮನವರ ಮನೆಯ ಲೆಕ್ಕ ಬೇರೆ. ದೊಡ್ಡ ಸಂಸಾರ, ಎರಡು ಫ್ರಿಜ್ಜು, ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರು. ಮಗ ನಾಗೇಶ್ ಹೋದ ವರ್ಷ ಸೋಲಾರ್ ಹಾಕಿಸಿದಾಗ ಬಿಲ್ಲು ನಿಜಕ್ಕೂ ಕುಸಿಯಿತು. ಮನೆಯವರೆಲ್ಲ ಹಿಗ್ಗಿದರು. ಬೇಸಿಗೆ ಬರುತ್ತಿದ್ದಂತೆ ಮಾತ್ರ ಹಗಲಿನ ಉತ್ಪಾದನೆ ಒಮ್ಮೆಲೇ ಅರ್ಧಕ್ಕೆ ಇಳಿಯಿತು. ನಾಗೇಶ್ ಕಂಪನಿಯವರನ್ನು ಬಯ್ದರು, ಕಂಪನಿಯವರು ಚೌಕಟ್ಟು ಮಾಡಿಕೊಟ್ಟಿದ್ದ ಗುಲ್ಶನ್‌ಗೆ ಫೋನು ಮಾಡಿದರು. ತಾರಸಿ ಹತ್ತಿ ನೋಡಿದರೆ ಸೋಲಾರ್ ಕಾಣಿಸುತ್ತಲೇ ಇಲ್ಲ. ಫಲಕದ ಮೇಲೆಲ್ಲ ಬಿಳಿ ಪಂಚೆ ಹಾಸಿ, ಅದರ ತುಂಬ ಸಾಲಾಗಿ ಅಕ್ಕಿ ಸಂಡಿಗೆ ಇಟ್ಟಿದೆ.

ಹುಚ್ಚಮ್ಮನ ಹಪ್ಪಳ, ಸಂಡಿಗೆ ಶಿಕಾರಿಪುರದ ಅಂಗಡಿಗಳಿಗೆ ಬಹಳ ವರ್ಷಗಳಿಂದ ಹೋಗುತ್ತದೆ. ಅದನ್ನು ಒಣಗಿಸಲು ಇದ್ದದ್ದು ಇದೊಂದೇ ತಾರಸಿ. ಮೊಣಕಾಲೆತ್ತರದ ಚೌಕಟ್ಟಿನ ಮೇಲೆ ಫಲಕಗಳು ಮಲಗಿದ ಮೇಲೆ ಅವರಿಗೆ ಉಳಿದದ್ದು ನಡೆಯುವ ಓಣಿ ಮಾತ್ರ. ಇಷ್ಟು ಬೆಚ್ಚಗಿನ ನುಣುಪು ಗಾಜು ಕಣ್ಣೆದುರು ಖಾಲಿ ಬಿದ್ದಿರುವಾಗ ಸಂಡಿಗೆ ಹಾಕುವ ಯಾವ ಹೆಂಗಸು ಸುಮ್ಮನಿದ್ದಾಳು? ನನಗಂತೂ ಅವರ ತಪ್ಪು ಎಲ್ಲಿಯೂ ಕಾಣಲಿಲ್ಲ.

ನಾಗೇಶ್‌ಗೆ ಕಂಡಿತು. ಕರೆಂಟಿನಲ್ಲಿ ಉಳಿಯುವುದೇ ಸಂಡಿಗೆಯಿಂದ ಬರುವುದಕ್ಕಿಂತ ಹೆಚ್ಚು, ಅಮ್ಮ ಇನ್ನು ಈ ಕೆಲಸ ಬಿಟ್ಟು ಆರಾಮಾಗಿರಲಿ ಎಂದರು. ಮಗನ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೆ ಗುಲ್ಶನ್ ಎದುರಿಗೇ ಹುಚ್ಚಮ್ಮ ಹೇಳಿದ ಮಾತು ಬೇರೆ.

“ಬಿಲ್ಲು ಉಳಿದದ್ದು ಮನಿಗೆ ಉಳೀತು ಕಣಪ್ಪ. ಸಂಡಿಗಿ ದುಡ್ಡು ನನ್ನ ಕೈಗೆ ಬರ್ತಿತ್ತು. ಮೊಮ್ಮಗಳಿಗೆ ಒಂದು ಬಳಿ ತರಾಕೆ ನಾನು ಯಾರನ್ನೂ ಕೇಳ್ತಿದ್ದಿಲ್ಲ.”

ಆ ಬೇಸಿಗೆ ಸಂಡಿಗೆ ಇಲ್ಲದೆಯೇ ಹೋಯಿತು. ಈ ಸಲವೂ ಕೊಡದಿದ್ದರೆ ಬೇರೆಯವರ ಮಾಲು ಇಡುತ್ತೇವೆಂದು ಅಂಗಡಿಯವರು ಹೇಳಿ ಕಳಿಸಿದ್ದಾರೆ. ಹುಚ್ಚಮ್ಮನ ಕಸುಬು ಉಳಿಯುವುದು ಬಿಡುವುದು ಈಗ ಏಳುತ್ತಿರುವ ಈ ಚೌಕಟ್ಟಿನ ಮೇಲೆ ನಿಂತಿದೆ.

ಚಳಿಗಾಲದಲ್ಲಿ ತಾವಾಗಿಯೇ ಬಂದು ಚೌಕಟ್ಟು ಎತ್ತರಿಸುವ ಮಾತು ತೆಗೆದವರು ಗುಲ್ಶನ್. ಎತ್ತರಿಸಿದರೆ ಕಬ್ಬಿಣ ಹೆಚ್ಚು ಬೇಕು, ಗಾಳಿ ಹೊಡೆತವೂ ಹೆಚ್ಚು. ನಾಗೇಶ್ ಹಿಂದೆಮುಂದೆ ನೋಡಿದರು. ಕೂಡಿಟ್ಟ ಸಂಡಿಗೆ ದುಡ್ಡಿನಲ್ಲಿ ಹುಚ್ಚಮ್ಮನೇ ಕಬ್ಬಿಣ ತರಿಸಿದರು. ಮಜೂರಿಯನ್ನು ಗುಲ್ಶನ್ ಬೇಡವೆಂದರು. ಯಾಕೆ ಎಂದು ಕೇಳಿದರೆ, ಮುಖದ ಬೆವರು ಒರೆಸಿಕೊಂಡು ಹೇಳುತ್ತಾರೆ:

“ತಪ್ಪು ನಂದೈತಲ್ರೀ. ಕಂಪನಿಯೋರು ಅಳತಿ ಕೊಟ್ರು, ನಾನು ಮಾಡ್ದೆ. ನಮ್ಮ ಮನ್ಯಾಗೂ ಶಾವಿಗಿ ಒಣಗ್ಸೋದು ಮ್ಯಾಲೇ. ಹೆಣ್ಣಾಗಿ ನಾನಾದ್ರೂ ಈಯಮ್ಮನ್ನ ಒಂದು ಮಾತು ಕೇಳಬೇಕಿತ್ತು.”

ಫಲಕದ ಮೇಲೆ ಸಂಡಿಗೆ ಕಂಡ ಅವತ್ತಿನಿಂದ ಗುಲ್ಶನ್ ಅವರ ಪದ್ಧತಿಯೇ ಬದಲಾಗಿದೆ. ಎಲ್ಲಿಗೆ ಹೋದರೂ ಮೊದಲು ಅಡುಗೆಮನೆಯವರನ್ನು ತಾರಸಿಗೆ ಕರೆಯುತ್ತಾರೆ. ಮೆಣಸಿನಕಾಯಿ ಎಲ್ಲಿ ಹರಡುತ್ತೀರಿ, ಹಾಸಿಗೆ ಎಲ್ಲಿ ಬಿಸಿಲಿಗೆ ಹಾಕುತ್ತೀರಿ ಎಂದು ಕೇಳುತ್ತಾರೆ. ಲಾಭನಷ್ಟದ ಲೆಕ್ಕದಲ್ಲಿ ತಾರಸಿಯನ್ನೂ ಸೇರಿಸಬೇಕು ಎನ್ನುವುದು ಅವರ ವಾದ. ಹೌದಲ್ಲ, ಎಷ್ಟು ವರ್ಷಕ್ಕೆ ಹಾಕಿದ ಬಂಡವಾಳ ವಾಪಸಾಗುತ್ತದೆಂದು ಬಾಯಿಪಾಠ ಒಪ್ಪಿಸುವ ನಮಗೆ ಇದು ಹೊಳೆದೇ ಇರಲಿಲ್ಲ. ಅವರ ಮಾತು ಕೇಳಿ ನಿಜಕ್ಕೂ ಹೆಮ್ಮೆಯಾಯಿತು.

ಹೊತ್ತು ಏರಿದಂತೆ ಅಡ್ಡಪಟ್ಟಿಗಳು ಬೆಸೆದುಕೊಳ್ಳುತ್ತವೆ, ಆರಿಫ್ ಮತ್ತು ನಾಗೇಶ್ ಒಂದೊಂದೇ ಫಲಕವನ್ನು ಮೇಲೇರಿಸುತ್ತಾರೆ. ಗುಲ್ಶನ್ ಚೌಕಟ್ಟಿನ ಪ್ರತಿ ಕಾಲಿಗೂ ಮೈಯೆಲ್ಲ ಆನಿಸಿ ಅಲ್ಲಾಡಿಸಿ ನೋಡುತ್ತಾರೆ. ಫಲಕದ ಅಡಿ ಈಗ ಒಳ್ಳೆಯ ನೆರಳು, ಅಲ್ಲಿ ಹಪ್ಪಳ. ಉದ್ದಿನ ಹಪ್ಪಳಕ್ಕೆ ಬಿರುಬಿಸಿಲು ಆಗದು, ನೆರಳಲ್ಲಿ ಆರಬೇಕು. ತೆಂಕಣ ಅಂಚಿನಲ್ಲಿ ಬಿಸಿಲು ಬೀಳುವ ಉದ್ದನೆಯ ಪಟ್ಟಿ ಉಳಿದಿದೆ, ಅದು ಸಂಡಿಗೆಗೆ.

ನಾಗೇಶ್ ಮೊಬೈಲು ತೆರೆದು ಕರೆಂಟು ಎಷ್ಟು ಬರುತ್ತಿದೆ ಎಂದು ನೋಡಿ ತೃಪ್ತಿಯಿಂದ ತಲೆಯಾಡಿಸುತ್ತಾರೆ. ಆಮೇಲೆ ಮೊಬೈಲು ಜೇಬಿಗಿಟ್ಟು, ಯಾರೂ ಹೇಳದೆಯೇ ಅಮ್ಮನ ಪಂಚೆಯ ಒಂದು ತುದಿ ಹಿಡಿದು ಹಾಸಲು ನಿಲ್ಲುತ್ತಾರೆ.

ಮುಂದಿನ ಆಸೆ ಏನೆಂದು ಗುಲ್ಶನ್‌ರನ್ನು ಕೇಳುತ್ತೇನೆ. ಕಣ್ಣು ಮಂಜಾದ ಅಪ್ಪನನ್ನು ಒಮ್ಮೆ ಇಲ್ಲಿಗೆ ಕರೆತಂದು ಈ ಕಂಬಗಳನ್ನು ಮುಟ್ಟಿಸಬೇಕು, ಅಷ್ಟೇ ಎನ್ನುತ್ತಾರೆ. ಬೆಸುಗೆ ಹೇಗಿದೆಯೆಂದು ಅವರ ಬೆರಳೇ ಹೇಳುತ್ತದಂತೆ.

ಅಷ್ಟರಲ್ಲಿ ಹುಚ್ಚಮ್ಮ ತುಂಬಿದ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿ ಬರುತ್ತಾರೆ. ಗುಲ್ಶನ್ ಮಾತು ನಿಲ್ಲಿಸಿ ಅತ್ತ ನೋಡುತ್ತಾರೆ. ಹುಚ್ಚಮ್ಮ ಸೋಲಾರಿನ ಕೆಳಗೆ ಈ ಕಡೆಯಿಂದ ಹೊಕ್ಕು ಆ ಕಡೆಗೆ, ಇದ್ದ ನಡಿಗೆಯಲ್ಲೇ ದಾಟಿ ಹೋಗುತ್ತಾರೆ.

“ತಲಿ ಬಗ್ಸಲಿಲ್ಲ, ನೋಡಿದ್ರೇನ್ರೀ,” ಎನ್ನುತ್ತಾರೆ ಗುಲ್ಶನ್.